ಎಸ್ತೇರಮ್ಮ ಹಾಡದ ಸಾಲು

ಹೊಳೆಯ ದಂಡೆಯ ಆ ಕ್ರೈಸ್ತ ಸಭೆಯಲ್ಲಿ ಓದು ಬಲ್ಲವರು ಕಡಿಮೆ. ಹಾಗಾಗಿ ಅಲ್ಲೊಂದು ಪದ್ಧತಿ. ಮುಂದೆ ನಿಂತವನು ಒಂದು ಸಾಲು ಹೇಳಿಕೊಡಬೇಕು, ಸಭೆ ಅದನ್ನು ಹಾಡಬೇಕು. ಆಮೇಲೆ ಮುಂದಿನ ಸಾಲು.

ಎಪ್ಪತ್ತು ದಾಟಿದ ದೇವಪುತ್ರಪ್ಪ ಉಪದೇಶಿಗಳು ಆ ಸಭೆಗೆ ಹಾಡು ಬರೆಯುತ್ತಿದ್ದರು. ಅದನ್ನು ಕಲಿಯಲು ಅವರ ಬಳಿ ಬಂದು ಸೇರಿದವನು ಗಿದ್ಯೋನ. ಬಂದು ತಿಂಗಳಾಗಿತ್ತು.

ಒಂದು ಭಾನುವಾರ ಅವನು ತನ್ನ ಮೊದಲ ಹಾಡನ್ನು ಹೇಳಿಕೊಟ್ಟ.

‘ಬೇಡಿದ್ದೆಲ್ಲ ಕೊಟ್ಟೆ ಕರ್ತನೇ, ಕೊರತೆ ಒಂದೂ ಇಲ್ಲ.’

ಸಭೆ ಹಾಡಿತು. ಹೆಂಗಸರ ಕಡೆ ಎಸ್ತೇರಮ್ಮ ಮಾತ್ರ ಬಾಯಿ ಮುಚ್ಚಿ ನಿಂತಿದ್ದಳು. ಇಪ್ಪತ್ತು ವರ್ಷ ಅಲ್ಲಿನ ಹಾಡು ನಿಂತದ್ದು ಅವಳ ದನಿಯ ಮೇಲೆ. ಅದಿಲ್ಲದೆ ಹಾಡು ಕುಂಟಿತು.

“ನನ್ನ ಹಾಡು ಕೆಟ್ಟುಹೋಯಿತು, ಅಯ್ಯನವರೇ. ಆಯಮ್ಮನಿಗೆ ಏನಾಗಿತ್ತು?” ಗಿದ್ಯೋನ ಆಮೇಲೆ ಉಪದೇಶಿಗಳನ್ನು ಕೇಳಿದ.

“ಅವಳಿಗೆ ಸಾಲು ಬಂದಿಲ್ಲ, ಅಷ್ಟೇ. ಮನೆಗೆ ಹೋಗಿ ಹೇಳಿಕೊಟ್ಟು ಬಾ.”

ಎಸ್ತೇರಮ್ಮ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದಳು.

“ಬಾ ತಮ್ಮಾ. ಹಾಡು ಮಾರಾಕ ಬಂದೀಯೇನು?”

“ಸಾಲು ಹೇಳಿಕೊಡೋಣ ಅಂತ, ಅವ್ವಾ.”

“ಒಮ್ಮೆ ಕೇಳಿದರ ಸಾಕು ನನಗ.” ಬಿದಿರಿನ ಸೀಳನ್ನು ಬಿಗಿಯಾಗಿ ಎಳೆದಳು. “ಹದಿನೇಳು ದಿನ ಉಪವಾಸ ಮಾಡಿದೆ. ನನ್ನ ಮಗಳು ಕಣ್ಣು ತೆರೀಲಿ, ಇಷ್ಟ ನಾ ಬೇಡಿದ್ದು. ಹದಿನೆಂಟನೇ ದಿನ ಅಕಿನ್ನ ಮಣ್ಣಾಗ ಇಟ್ಟು ಬಂದ್ವಿ. ಈಗ ಹೇಳಿಕೊಡು. ಬೇಡಿದ್ದೆಲ್ಲ ಕೊಟ್ಟೆ. ಹೂಂ, ಹೇಳು.”

ಗಿದ್ಯೋನ ಕೈಯಲ್ಲಿದ್ದ ಹಾಡಿನ ಹಾಳೆಯನ್ನು ಮಡಚಿದ.

“ಎರಡು ತಿಂಗಳಾದ ಮ್ಯಾಲ ದೇವಾಲಯಕ್ಕ ಬಂದಿದ್ದೆ. ಇನ್ನ ಬರೂದಿಲ್ಲ ಅಂತ ನಿಮ್ಮ ಅಯ್ಯನವರಿಗೆ ಹೇಳಿಬಿಡು.”

ಗಿದ್ಯೋನ ಓಡುತ್ತಲೇ ಹಿಂದಿರುಗಿದ.

“ನಿಮಗೆ ಗೊತ್ತಿತ್ತು!”

“ಅವಳ ಮಗಳ ಮಣ್ಣಿನ ಪ್ರಾರ್ಥನೆ ಮಾಡಿದವನು ನಾನೇ.”

“ಮತ್ತೆ ಆ ಸಾಲನ್ನು ಯಾಕೆ ತಡೆಯಲಿಲ್ಲ?”

“ಅವಳು ಇಷ್ಟು ಬೇಗ ಸಭೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಆ ತಪ್ಪು ನನ್ನದು.” ಉಪದೇಶಿಗಳು ಕೇಳಿದರು. “ನೀನು ಬೇಡಿದ್ದೇನು?”

“ಪರೀಕ್ಷೆ ಪಾಸಾಗಲಿ ಅಂತ.”

“ಆಯಿತೇ?”

“ಆಯಿತು.”

“ಹಾಗಾದರೆ ಅದನ್ನು ಮನೆಯಲ್ಲಿ ಹಾಡಿಕೊ.”

ಗಿದ್ಯೋನ ಆ ಸಾಲು ಹೊಡೆದುಹಾಕಿ ಬೇರೆ ಬರೆದ. ‘ಕೊಡದಿದ್ದರೂ ನೀನು ಒಳ್ಳೆಯವನೇ.’

“ತಾಳ ಸರಿಯಿದೆ,” ಎಂದರು ಉಪದೇಶಿಗಳು. “ಹೋಗಿ ಹೇಳಿಕೊಟ್ಟು ಬಾ.”

ಬಾಗಿಲವರೆಗೆ ಹೋದವನು ಹಿಂತಿರುಗಿ ಬಂದು ಅದನ್ನೂ ಹೊಡೆದುಹಾಕಿದ.

‘ನಾಳೆ ನೀನು ಕಣ್ಣೀರು ಒರೆಸುವೆ.’

“ನಾಳೆಯೇ? ಎಷ್ಟು ಗಂಟೆಗೆ ಅಂತ ಅವಳು ಕೇಳಿದರೆ ಏನು ಹೇಳುತ್ತೀ?”

ಶುಕ್ರವಾರದ ಹೊತ್ತಿಗೆ ಹಾಳೆಯಲ್ಲಿ ಒಂದು ಸಾಲೂ ಉಳಿದಿರಲಿಲ್ಲ.

ಅವನು ಮತ್ತೆ ಎಸ್ತೇರಮ್ಮನ ಅಂಗಳಕ್ಕೆ ಹೋಗಿ ಕುಳಿತ. ಬುಟ್ಟಿಯ ಅಂಚು ಕಟ್ಟಿ ಮುಗಿಸುವವರೆಗೂ ಅವಳು ತಲೆ ಎತ್ತಲಿಲ್ಲ.

“ಇವತ್ತೇನು ತಂದಿ?”

“ಏನೂ ಇಲ್ಲ, ಅವ್ವಾ. ನೀವು ಈಗಲೂ ಪ್ರಾರ್ಥನೆ ಮಾಡುತ್ತೀರಾ?”

“ಮಾಡ್ತೀನಿ. ಬಿಡಾಕ ಬರೂದಿಲ್ಲ. ಚಟ ಅದು.”

“ಏನಂತ?”

“ಕೂಗಿ ಕರೆದೆ, ನೀ ಬರಲಿಲ್ಲ. ಇಷ್ಟ.”

ಗಿದ್ಯೋನ ಅದನ್ನೇ ಬರೆದು ತಂದ. ಉಪದೇಶಿಗಳು ಓದಿದರು. ಕನ್ನಡಕ ತೆಗೆದು ಹಾಳೆಯನ್ನು ಅವನಿಗೆ ಹಿಂದಿರುಗಿಸಿದರು.

“ಭಾನುವಾರ ಹೇಳಿಕೊಡು.”

“ಸಭೆಯ ಹಿರಿಯರು ನನ್ನನ್ನು ಹೊರಗೆ ಹಾಕುತ್ತಾರೆ.”

“ಹಾಡಿದ ಮೇಲೆ ತಾನೇ? ಮೊದಲು ಅವಳ ಹತ್ತಿರ ಹೋಗು. ಆ ಮಾತು ಅವಳದು. ಸಭೆಗೆ ಕೊಡುತ್ತಾಳೋ ಕೇಳು.”

ಗಿದ್ಯೋನ ಹೋಗಿ ಕೇಳಿದ. ಎಸ್ತೇರಮ್ಮ ಅವನನ್ನೇ ದಿಟ್ಟಿಸಿದಳು.

“ತಗೋ. ಆದರ ಅದರ ಬಾಲಕ್ಕ ಹಲ್ಲೆಲೂಯ ಕಟ್ಟಬ್ಯಾಡ.”

ಭಾನುವಾರ ಅವಳು ಬಂದಳು. ಬಾಗಿಲ ಪಕ್ಕ, ಹೊರಗೆ ಹೋಗಲು ಅನುಕೂಲವಾಗುವ ಹಾಗೆ ನಿಂತಳು.

ಗಿದ್ಯೋನ ಮುಂದೆ ನಿಂತು ಸಾಲು ಹೇಳಿಕೊಟ್ಟ.

‘ಕೂಗಿ ಕರೆದೆ, ನೀ ಬರಲಿಲ್ಲ.’

ಯಾರೂ ಬಾಯಿ ತೆರೆಯಲಿಲ್ಲ. ಮುಂದಿನ ಬೆಂಚಿನ ಹಿರಿಯರೊಬ್ಬರು ಎದ್ದು ನಿಂತರು.

ಆಗ ಬಾಗಿಲ ಬಳಿಯಿಂದ ಎಸ್ತೇರಮ್ಮನ ದನಿ ಬಂತು. ಒಡೆದಿತ್ತು. ಸ್ವರ ನಿಲ್ಲುತ್ತಿರಲಿಲ್ಲ. ಸಾಲಿನ ಅರ್ಧಕ್ಕೆ ಅವಳ ಉಸಿರು ಮುಗಿಯಿತು. ಉಳಿದರ್ಧವನ್ನು ಪಕ್ಕದ ಹೆಂಗಸು ಹಾಡಿದಳು. ಗಂಡಸರ ಕಡೆಯಿಂದ ಇನ್ನೊಬ್ಬ. ಆಮೇಲೆ ಇಡೀ ಸಭೆ.

ಎದ್ದಿದ್ದ ಹಿರಿಯರು ಕುಳಿತರು. ಅವರ ತುಟಿಯೂ ಆಡುತ್ತಿತ್ತು.

ಸಾಲು ಮುಗಿಯಿತು. ಪದ್ಧತಿಯಂತೆ ಎಲ್ಲರೂ ಗಿದ್ಯೋನನ ಮುಖ ನೋಡುತ್ತ ಕಾದರು. ಎಸ್ತೇರಮ್ಮನೂ ಕಾದಳು.

ಅವನ ಹಾಳೆಯಲ್ಲಿ ಬೇರೇನೂ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಉಪದೇಶಿಗಳ ಕಿವಿಯ ಬಳಿ ಬಗ್ಗಿದ.

“ಮುಂದಿನ ಸಾಲು, ಅಯ್ಯನವರೇ?”

ಉಪದೇಶಿಗಳು ಅವನ ಹಾಳೆಯ ಮೇಲೆ ಕೈಯಿಟ್ಟರು.

“ನನಗೂ ಯಾರೂ ಹೇಳಿಕೊಟ್ಟಿಲ್ಲ. ಅದನ್ನೇ ಇನ್ನೊಮ್ಮೆ ಹೇಳು.”