ಸಿಂಗಾರ ಮುಗಿಯದ 'ಇಲ್ಲ'

ಹಿಂದೆ ಗ್ರೀಕರ ದೇಶದಲ್ಲಿ ನಿಕಾಂಡ್ರ ಅಂತ ಒಬ್ಬ ಕುಂಬಾರ ಇದ್ದ. ಅವನ ಬಾಯಲ್ಲಿ ಎರಡು ಮಾತು ಅಕ್ಕಪಕ್ಕ ವಾಸ ಮಾಡ್ತಿದ್ವು. ಒಬ್ಬಳು ಊ, ಅಂದ್ರೆ 'ಇಲ್ಲ'. ಇನ್ನೊಬ್ಬಳು ಎಕ್ಲೆಪ್ಸ, ಅಂದ್ರೆ 'ಕದ್ದೆ'. ಈ ಊ ಮಹಾ ಶೋಕಿಯವಳು. ಪಕ್ಕದಲ್ಲಿ ನಿಂತ ಮಾತು ಯಾವ ಸ್ವರದಿಂದ ಶುರುವಾಗುತ್ತೆ ಅಂತ ನೋಡ್ಕೊಂಡು, ಒಂದ್ಸಲ ಕೊನೆಗೆ ಕ್ ಹಾಕ್ಕೊಂಡು ಊಕ್ ಆಗೋಳು, ಒಂದ್ಸಲ ಖ್ ಹಾಕ್ಕೊಂಡು ಊಖ್ ಆಗೋಳು.

ಒಂದಿನ ನಿಕಾಂಡ್ರ ಆಡು ಕದ್ದ ಅಂತ ಯಾರೋ ಸುಳ್ಳು ದೂರು ಕೊಟ್ರು. "ಏನೋ, ಕದ್ದೆಯಾ? ಬೇಗ ಬೊಗಳು" ಅಂದ ನ್ಯಾಯಾಧೀಶ.

ಎಕ್ಲೆಪ್ಸ ತುಟಿ ಹತ್ರ ಓಡಿ ಬಂದು ಕೂಗಿದ್ಲು. "ಅಕ್ಕಾ, ಬಾರೇ! ನಾನೊಬ್ಬಳೇ ಹೋದ್ರೆ ಈ ಬಡಪಾಯಿ ಜೈಲು ಸೇರ್ತಾನೆ."

"ಇರೇ, ನಿನ್ನ ಪಕ್ಕ ನಿಲ್ಲೋಕೆ ಕ್ ಹಾಕ್ಕೊಳ್ಲಾ, ಖ್ ಹಾಕ್ಕೊಳ್ಲಾ?"

"ಯಾವುದಾದ್ರೂ ಹಾಕ್ಕೊಂಡು ಬಾರೇ!"

"ಹಂಗೇ ಬಂದ್ರೆ ಜನ ಏನಂತಾರೆ?"

ನ್ಯಾಯಾಧೀಶ ಮೇಜು ಗುದ್ದಿದ. ನಿಕಾಂಡ್ರ ಬೆದರಿ ಬಾಯಿ ಬಿಟ್ಟ. ಎಕ್ಲೆಪ್ಸ ಒಬ್ಬಳೇ ಆಚೆ ಬಿದ್ಲು.

ಕುಂಬಾರನ ಕೈಗೆ ಕೋಳ ಹಾಕಿ ಎಳ್ಕೊಂಡು ಹೋಗೋವಾಗ ಊಕ್ ನೀಟಾಗಿ ಹೊರಗೆ ಬಂದ್ಲು. "ಛೀ, ಒಂದು ಗಳಿಗೆ ಕಾಯೋಕಾಗ್ಲಿಲ್ವೇನೇ ನಿಂಗೆ? ಸಂಸ್ಕಾರ ಇಲ್ದೋಳೇ!"