ತೃಣಗಿರಿಯ ಗೆರೆಯಮ್ಮ ಹರಕೆಯ ಹುಲ್ಲು ಕೊಯ್ಯಿಸಿದ್ದು

ಊರುಗಳಿಗೆ ಇನ್ನೂ ಎಲ್ಲೆಕಲ್ಲು ನೆಡದಿದ್ದ, ಋಷಿಗಳೂ ಗೋವಳರೂ ಒಂದೇ ಕಲ್ಲುದೊಣೆಯ ನೀರು ಕುಡಿಯುತ್ತಿದ್ದ ಪುರಾತನ ಯುಗದಲ್ಲಿ, ಇಂದು ಭಕ್ತಜನರು ಹುಲ್ಲುಗುಡ್ಡವೆಂದು ಕರೆಯುವ ಈ ತೃಣಗಿರಿಯ ತಪ್ಪಲಿನಲ್ಲಿ ಚಿತ್ತಯ್ಯನೆಂಬ ಗೋಪಾಲಕಶ್ರೇಷ್ಠನು ಧರ್ಮಪತ್ನಿ ಸಿರಿಯಕ್ಕನೊಡನೆ ಹಟ್ಟಿ ಕಟ್ಟಿಕೊಂಡು ವಾಸವಾಗಿದ್ದನು. ಬಹುಕಾಲ ಸಂತಾನವಿಲ್ಲದೆ ನೊಂದ ಆ ದಂಪತಿಗಳಿಗೆ ಗಿರಿವಾಸಿನಿಯಾದ ಜಗನ್ಮಾತೆಯ ಕರುಣೆಯಿಂದ ಹೆಣ್ಣುಮಗುವೊಂದು ಜನಿಸಲು, ಆನಂದಭರಿತನಾದ ಚಿತ್ತಯ್ಯನು, ಈ ಗಿರಿಯ ಹುಲ್ಲೆಲ್ಲವೂ ತಾಯಿಗೆ ಮೀಸಲೆಂದೂ, ಅದರ ಒಂದೆಸಳಿಗೆ ಕುಡುಗೋಲು ತಾಗಿದರೂ ಮಗುವನ್ನು ತಾಯಿಯೇ ಹಿಂದಕ್ಕೆ ಪಡೆಯಲೆಂದೂ ಹರಕೆ ಹೊತ್ತನು. ಭಕ್ತಿಯೇನೋ ದೊಡ್ಡದೇ. ಆದರೆ ಹುಲ್ಲು ಬೇಕೇ ಎಂದು ತಾಯಿಯನ್ನು ಒಂದು ಮಾತು ಕೇಳಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಹುಲ್ಲು ಎರಡೇ ವರ್ಷಗಳಲ್ಲಿ ಬೆಳೆದು, ಒಣಗಿ, ಹಳೆಯದರ ಮೇಲೆ ಹೊಸದು ಬಿದ್ದು, ಗುಡ್ಡದಿಂದಿಳಿದು ಹಟ್ಟಿಯ ಬೇಲಿಯವರೆಗೂ ಬಂದಿತು. ಆಗ ಘೋರ ಅನಾವೃಷ್ಟಿಯು ಒದಗಿತು. ದೊಣೆಗಳು ಬತ್ತಿದವು, ಎಲುಬಿನ ಹಂದರವಾದ ದನಗಳು ಗುಡ್ಡದ ಕಡೆಗೇ ಮುಖಮಾಡಿ ಕೂಗಿದರೂ ಯಾರೊಬ್ಬರೂ ಮೀಸಲು ಮುರಿಯಲಿಲ್ಲ. ಕೊನೆಗೆ ಹಟ್ಟಿಯ ಹಿರಿಯರು ಕಲೆತು, ವೃಷ್ಟಿಯನ್ನು ಬೇಡಿ ಶಿಖರದ ಮೇಲೆ ತಾಯಿಗೆ ಪಂಜಿನ ಸೇವೆ ನಡೆಸುವುದೆಂದು ನಿಶ್ಚಯಿಸಿದರು. ಆಳೆತ್ತರದ ಒಣಹುಲ್ಲಿನ ನಡುವೆ ಉರಿಯುವ ಪಂಜು! ಬರವು ದೊಣೆಗಳಿಗೆ ಮಾತ್ರವಲ್ಲ, ಬುದ್ಧಿಗೂ ಬಂದಿತ್ತೆಂದು ಬರೆಯಲು ನಮಗೆ ಸಂಕೋಚವಿಲ್ಲ.

ಒಂದು ಕಿಡಿ ಹಾರಿತು. ಗಾಳಿ ಎದ್ದಿತು. ಶಿಖರದಿಂದ ಜ್ವಾಲಾಮಾಲೆಯು ಇಳಿದು ಬರುವುದನ್ನು ಕಂಡು ಹಟ್ಟಿಗೆ ಓಡಿಬಂದ ಜನರೆಲ್ಲರೂ "ಅಮ್ಮ ಮುನಿದವ್ಳೆ" ಎಂದು ಕೈಮುಗಿದು ಕುಳಿತುಬಿಟ್ಟರು. ಬೇಲಿಯ ಹುಲ್ಲನ್ನು ಕೊಯ್ದರೆ ಹರಕೆಯಂತೆ ಮಗು ಹೋಗುವುದು, ಕೊಯ್ಯದಿದ್ದರೆ ಮಗುವಿನೊಡನೆ ಹಟ್ಟಿಯೇ ಹೋಗುವುದು ಎಂಬ ಧರ್ಮಸಂಕಟದಲ್ಲಿ ಚಿತ್ತಯ್ಯನು ಕಲ್ಲಾಗಿ ನಿಂತಿರಲು, ಕಂಕುಳಲ್ಲಿ ಕೂಸನ್ನೆತ್ತಿಕೊಂಡಿದ್ದ ಸಿರಿಯಕ್ಕನು ಅವನ ಕೈಗೆ ಕುಡುಗೋಲನ್ನು ತುರುಕಿ, "ಅಮ್ಮ ಏನು ಹುಲ್ಲು ಮೇಯ್ತಾಳೇನಯ್ಯಾ? ಕೂಸು ನಿಂದೊಂದೇ ಅಲ್ಲ, ನಂದೂವೆ. ನಾನೇ ಹೇಳ್ತಾ ಇವ್ನಿ, ಕೊಯ್ಯಿ!" ಎಂದು ಗದರಿದಳು. ಆ ಮಹಾತಾಯಿಯ ಎದೆಗಾರಿಕೆಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು.

ಚಿತ್ತಯ್ಯನು ಅಳುತ್ತಲೇ ಕೊಯ್ದನು. ಅವನನ್ನು ಕಂಡು ಹಟ್ಟಿಯೇ ಎದ್ದುಬಂದು, ಕೊಯ್ದು, ಎಳೆದು, ಬೇಲಿಯುದ್ದಕ್ಕೂ ನೆಲದ ಮಣ್ಣು ಕಾಣುವಂತೆ ಗೆರೆಯೊಂದನ್ನು ಕೆರೆಯಿತು. ಹಿಂದೆಳೆದು ಹಾಕಿದ ಹುಲ್ಲಿಗೆ ಹಸಿದ ದನಗಳು ಬಾಯಿ ಹಾಕಿದವು. ಬೆಂಕಿಯು ಆ ಬೋಳುಗೆರೆಯವರೆಗೆ ಬಂದು, ಮುಂದೆ ಸುಡಲು ಏನೂ ಸಿಗದೆ ಅಲ್ಲಿಯೇ ಆರಿತು.

ಚಿತ್ತಯ್ಯನು ಗೆರೆಯಂಚಿನ ಬಂಡೆಯ ಮೇಲೆ ಮಗುವನ್ನು ಮಲಗಿಸಿ, ಮಾತು ಮುರಿದೆನು, ನಿನ್ನದನ್ನು ನೀನು ತೆಗೆದುಕೋ ಎಂದು ಕಣ್ಣು ಮುಚ್ಚಿದನು. ಆಗ ಶಿಲಾಗರ್ಭದಿಂದ ದಿವ್ಯವಾಣಿಯು ಮೊಳಗಿತು: "ಎಲೈ ಗೋವಳನೇ, ಮಳೆಯನ್ನು ತಡೆದವಳು ನಾನು, ಅದಕ್ಕಾಗಿ ನನ್ನನ್ನು ಬೈಯುವ ಹಕ್ಕು ನಿನಗುಂಟು. ಹುಲ್ಲನ್ನು ಕೂಡಿಟ್ಟವನು ನೀನು. ಪಂಜನ್ನು ತಂದವರು ನಿನ್ನವರು. ನಿಮ್ಮ ಕೈಯಾರೆ ಆದದ್ದಕ್ಕೆ ನನ್ನ ಮುನಿಸೆಂದು ಹೆಸರಿಡಬೇಡಿ. ಕೊಟ್ಟ ಕೂಸನ್ನು ಕಸಿದುಕೊಳ್ಳುವವಳು ನಾನಲ್ಲ. ಬೇಸಗೆಗೆ ಮೊದಲೇ ಈ ಗೆರೆಯನ್ನು ಕೆರೆದು, ಕೊಯ್ದ ಹುಲ್ಲನ್ನು ದನಗಳ ಮುಂದಿಡಿ. ಅವು ಮೆಲುಕು ಹಾಕಿದರೆ ನನಗೆ ನೈವೇದ್ಯ ಸಂದಂತೆ."

ಕಣ್ಣು ತೆರೆದಾಗ ಮಗುವು ಹುಲ್ಲಿನೆಸಳೊಂದನ್ನು ಬಾಯಿಗಿಟ್ಟುಕೊಂಡು ಆಡುತ್ತಿತ್ತು.

ಬೆಂಕಿ ತಾಗಿದ ಮಗ್ಗುಲು ಕರಿಯದಾಗಿ, ಇನ್ನೊಂದು ಮಗ್ಗುಲು ಬಿಳಿಯದಾಗಿ ಇರುವ ಆ ಬಂಡೆಯೇ ಇಂದು ನಾವು ಪೂಜಿಸುವ ಗೆರೆಯಮ್ಮ. ಸಂಕ್ರಾಂತಿ ಕಳೆದೊಡನೆ ಭಕ್ತಾದಿಗಳು ಹೂವು ಹಣ್ಣುಗಳ ಬದಲು ಕುಡುಗೋಲು ಹಿಡಿದು ಬಂದು, ಗಿರಿಯ ಸುತ್ತ ಬೋಳುಗೆರೆಯನ್ನು ತೆಗೆಯುತ್ತಾರೆ. ಮೊದಲ ಎಸಳನ್ನು ಕೀಳುವುದು ಅಂದು ಬಂದವರಲ್ಲೇ ಎಲ್ಲರಿಗಿಂತ ಚಿಕ್ಕ ಹೆಣ್ಣುಮಗು. ಸನ್ನಿಧಿಯಲ್ಲಿ ದೀಪ ಹಚ್ಚುವ ಪದ್ಧತಿಯಿಲ್ಲ. ಮಳೆ ತಪ್ಪಿದ ವರ್ಷ ಬಂಡೆಯ ಮುಂದೆ ನಿಂತು ತಾಯಿಯನ್ನು ಬಾಯ್ತುಂಬ ಬೈಯಲು ಯಾರಿಗೂ ಅಡ್ಡಿಯಿಲ್ಲ. ಅದು ಆಕೆಯೇ ಕೊಟ್ಟ ಹಕ್ಕು. ಆದರೆ ಎಲ್ಲಿಯಾದರೂ ಕಾಡು ಹೊತ್ತಿ, ಎಲ್ಲಾ ದೈವೇಚ್ಛೆಯೆಂದು ನಿಟ್ಟುಸಿರಿಡುತ್ತ ಬಂದವರು ತೀರ್ಥಕ್ಕೆ ಕೈಯೊಡ್ಡಿದರೆ, ಅರ್ಚಕರು ಮೊದಲು ಅಂಗೈಯನ್ನು ನೋಡುತ್ತಾರೆ. ಕುಡುಗೋಲು ಹಿಡಿದ ಗುರುತಿದ್ದರೆ ತೀರ್ಥ. ಇಲ್ಲದಿದ್ದರೆ, ಬಂಡೆಗೆ ಒರಗಿಸಿಟ್ಟಿರುವ ತಾಯಿಯ ಕುಡುಗೋಲು.