ಖಾಲಿ ಸುರಂಗದ ಅಳತೆ

“ಅಜ್ಜಾರ, ಇಷ್ಟು ಮಂದಿ ನಡುವ ಕುಂತು ಒಳಗಿನ ಕರೀ ಕೇಳಿಸ್ಕೊಳ್ಳೋದು ಹ್ಯಾಂಗ್ರಿ?” ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಠದ ಶಿಷ್ಯ. ಶಾಸ್ತ್ರಪಾಠ ಮುಗಿಸಿದ್ದ. ಬೆಳಿಗ್ಗೆ ಪೂಜೆಗೆ ಕುಳಿತು ಕಣ್ಣು ಮುಚ್ಚಿದರೆ ಸಾಕು, ಯಾರಾದರೂ ಬಂದು ಕೋಣೆಯ ಬೀಗದ ಕೈ ಕೇಳುತ್ತಿದ್ದರು. ಇನ್ನೊಬ್ಬರಿಗೆ ವಿಭೂತಿ ಬೇಕಾಗಿರುತ್ತಿತ್ತು. ಕೆಲವರಿಗೆ ಏನೂ ಬೇಕಾಗಿರುತ್ತಿರಲಿಲ್ಲ, ಸುಮ್ಮನೆ ಎದುರಿಗೆ ಕುಳಿತು ಸೊಸೆಯ ಮೇಲೆ ದೂರು ಹೇಳುತ್ತಿದ್ದರು. ಅವನಿಗೆ ಸಾಕುಸಾಕಾಗಿತ್ತು. ಮಠದ ಹಿಂದಿನ ಗುಡ್ಡದಲ್ಲಿ ಒಂದು ಗವಿ ಇತ್ತು. ಕೆಲವು ದಿನ ಅಲ್ಲಿ ಕುಳಿತು ನೋಡಿ ಬಂದಿದ್ದ. ಮನಸ್ಸು ತಿಳಿಯಾಗಿ ನಿಂತಿತ್ತು. ಇನ್ನು ಅಲ್ಲಿಯೇ ಇದ್ದುಬಿಡಲು ಅವನಿಗೆ ಗುರುಗಳ ಅಪ್ಪಣೆ ಬೇಕಿತ್ತು.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಚಿನ್ನದ ಗಣಿ ಇತ್ತು. ನೆಲದೊಳಗೆ ಬಹಳ ಆಳದಲ್ಲಿ ಸುರಂಗ. ಅಲ್ಲಿ ಬಂಡೆ ಎಂದು ಕುಸಿಯುತ್ತದೆ ಎಂದು ಹೇಳಲಾಗದು. ಕುಸಿಯುವ ಮೊದಲು ಅದು ಸಣ್ಣಗೆ ಅದುರುತ್ತದೆ. ಆ ಅದುರು ಮನುಷ್ಯನಿಗೆ ತಿಳಿಯುವುದಿಲ್ಲ, ಯಂತ್ರಕ್ಕೆ ತಿಳಿಯುತ್ತದೆ. ಯಂತ್ರಕ್ಕೆ ತಿಳಿದದ್ದನ್ನು ಕೆಳಗಿರುವ ಪ್ರತಿಯೊಬ್ಬನ ಕಿವಿಗೆ ಕೂಡಲೇ ಮುಟ್ಟಿಸಬೇಕು ಎಂದು ಗಣಿಯವರು ಹೊಸ ತಲೆಮಾರಿನ ರೇಡಿಯೊ ತರಿಸಿದರು. ಪ್ರತಿಯೊಬ್ಬನ ಹೆಲ್ಮೆಟ್ಟಿನಲ್ಲಿ ಒಂದು ಪುಟ್ಟ ಯಂತ್ರ. ಕರೆ ಬಂತೆಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಲಿಫ್ಟಿನ ಕಡೆ ಓಡಬೇಕು. ಯಾರೂ ಮತ್ತೆ ಒಳಗೆ ಕಾಲಿಡಕೂಡದು. ಹಾಗೆಂದು ನಿಯಮ.

ಆದರೆ ರೇಡಿಯೊ ತಂದಿಟ್ಟ ಮಾತ್ರಕ್ಕೆ ಮಾತು ಮುಟ್ಟುವುದಿಲ್ಲ. ಅಲೆ ಹೊರಟ ಕಡೆಯಿಂದ ಸೇರುವ ಕಡೆಯವರೆಗೆ ಒಂದು ದಾರಿ ನಡೆಯಬೇಕು. ಸುರಂಗದಲ್ಲಿ ಆ ದಾರಿ ನೆಟ್ಟಗಿರುವುದಿಲ್ಲ. ಅಲೆ ಬಂಡೆಗೆ ತಾಗಿ ಹೊರಳುತ್ತದೆ, ತಿರುವಿನಲ್ಲಿ ಸೊರಗುತ್ತದೆ, ಒಂದೇ ಮಾತು ನಾಲ್ಕು ಕಡೆಯಿಂದ ಹಿಂದುಮುಂದಾಗಿ ಬಂದು ತನ್ನನ್ನು ತಾನೇ ಕಲಸಿಕೊಳ್ಳುತ್ತದೆ. ಈ ದಾರಿಗೆ ಆ ಕಸುಬಿನವರು ಚಾನೆಲ್ ಎನ್ನುತ್ತಾರೆ. ಅದನ್ನು ಮೊದಲು ಅಳೆಯುತ್ತಾರೆ. ಅಳೆದದ್ದನ್ನೆಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕದ್ದೇ ಒಂದು ಸುರಂಗ ಕಟ್ಟುತ್ತಾರೆ. ಅದು ಮಾದರಿ. ಮಾದರಿ ಸರಿಯಾಗಿದ್ದರೆ ಆಂಟೆನಾ ಎಲ್ಲೆಲ್ಲಿ ಇಡಬೇಕೆಂದು ಅದೇ ಹೇಳುತ್ತದೆ.

ಆ ಅಳತೆಗೆ ಬಂದವನ ಹೆಸರು ಇಂದುಧರ. ಕೆಲಸದಲ್ಲಿ ಗಟ್ಟಿಗ, ಸೋಮಾರಿಯಲ್ಲ, ಸುಳ್ಳುಗಾರನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿ ನೀನು ಅವನನ್ನು ಹಗುರಾಗಿ ಕಾಣಬಾರದು.

ಇಂದುಧರ ಲಿಫ್ಟಿನ ಪಕ್ಕ, ಸುರಂಗದ ಬಾಯಲ್ಲಿ ಒಂದು ಯಂತ್ರ ಇಟ್ಟ. ಅದು ಅಲೆಯನ್ನು ಕಳಿಸುವುದು. ಇನ್ನೊಂದನ್ನು ಗಾಡಿಯ ಮೇಲಿಟ್ಟುಕೊಂಡು ಒಳಗೊಳಗೆ ಹೋದ. ಅದು ಕೇಳುವುದು. ಮೊದಲ ದಿನ ರೀಡಿಂಗ್ ಒಂದೂ ನಿಲ್ಲಲಿಲ್ಲ. ಯಾರೋ ಅದಿರಿನ ಟ್ರಾಲಿ ತಳ್ಳಿಕೊಂಡು ಬಂದ, ಅಳತೆ ಕುಸಿಯಿತು. ಇನ್ನಾರೋ ನೀರು ಕುಡಿಯಲು ಎದ್ದ, ಮತ್ತೆ ಕುಸಿಯಿತು. ಹಳೆಯ ರೇಡಿಯೊ ಅಲೆ ಮನುಷ್ಯನನ್ನು ಸುತ್ತಿಬಳಸಿ ಮುಂದೆ ಹೋಗುತ್ತಿತ್ತು. ಈ ಹೊಸದು ಬಹಳ ಸೂಕ್ಷ್ಮ, ಅದಕ್ಕೆ ಮನುಷ್ಯನ ಮೈಯೇ ಗೋಡೆ. ಇಂದುಧರನಿಗೆ ತಲೆ ಕೆಟ್ಟುಹೋಯಿತು. ಆ ದಿನದ ರೀಡಿಂಗುಗಳಿಗೆಲ್ಲ ‘ಅಡ್ಡಿ’ ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದ. ಆ ಕಸುಬಿನಲ್ಲಿ ಅದು ತಪ್ಪಲ್ಲ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಮೊದಲು ಜಾಗವನ್ನು ಅಳೆ, ಬಂದುಹೋಗುವವರನ್ನು ಆಮೇಲೆ ನೋಡಿಕೊ ಎನ್ನುತ್ತಾರೆ. ಆಮೇಲೆ ಎಂಬುದು ಬರುವುದು ಕಡಿಮೆ.

ಮರುದಿನ ಅವನು ಪಾಳಿ ಬದಲಾಗುವ ಹೊತ್ತಿಗೆ ಸುರಂಗ ಖಾಲಿ ಮಾಡಿಸಿದ. ಖಾಲಿ ಮಾಡಿಸಿದವನು ಮೇಸ್ತ್ರಿ ಯಂಕೋಬ. ದೊಡ್ಡ ದನಿಯ ಮನುಷ್ಯ. ಒಂದು ಕೂಗಿಗೆ ಪಾಳಿಯವರೆಲ್ಲ ಹೊರಗೆ ಬಂದರು.

“ಎಲ್ಲಾರ್ನೂ ಕಳಿಸೀನ್ರಿ ಸಾಹೇಬ್ರ. ನಾನೊಬ್ಬ ನಿಮ್ಮ ಜೋಡಿ ಇರಲ್ಯಾ?” ಎಂದು ಯಂಕೋಬ ಕೇಳಿದ.

“ನೀವೂ ಹೋಗ್ರಿ ಮೇಸ್ತ್ರಿ. ನೀವಿದ್ರ ಅಳತಿ ಕೆಡತದ” ಎಂದ ಇಂದುಧರ.

ಯಂಕೋಬ ನಕ್ಕು ಹೊರಗೆ ಹೋದ.

ಖಾಲಿ ಸುರಂಗದಲ್ಲಿ ಅಳತೆ ಸೊಗಸಾಗಿ ಬಂತು. ಯಂತ್ರದ ಪರದೆಯ ಮೇಲೆ ಅಳತೆಯ ಗೆರೆ ಅಲುಗಲಿಲ್ಲ. ಕಟ್ಟಿದ ಮಾದರಿ ಆ ಗೆರೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕುಳಿತಿತು. ಆ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ. ಇಂದುಧರ ಅದನ್ನು ತೆರೆದು ತೆರೆದು ನೋಡಿದ. ಗವಿಯಿಂದ ಇಳಿದುಬಂದವನ ಮುಖದಲ್ಲಿ ನಾನು ಆ ಸಂತೋಷವನ್ನು ಕಂಡಿದ್ದೇನೆ.

ಮಾದರಿ ಹೇಳಿದ ಕಡೆಗಳಲ್ಲಿ ಆಂಟೆನಾ ಕೂರಿಸಿದರು. ಕರೆಯ ವ್ಯವಸ್ಥೆ ಚಾಲೂ ಆಯಿತು. ಕೆಲವು ದಿನಗಳ ಮೇಲೆ ಇಂದುಧರ ತನ್ನ ಕೆಲಸ ನೋಡಲು ತಾನೂ ಒಂದು ಹೆಲ್ಮೆಟ್ ಹಾಕಿಕೊಂಡು ಸುರಂಗಕ್ಕೆ ಇಳಿದ. ಎಲ್ಲರಿಗಿಂತ ಒಳಗೆ, ಸುರಂಗ ಮುಗಿಯುವ ಕಡೆ ಹೋಗಿ ನಿಂತ. ಅಲ್ಲಿಗೂ ಕರೆ ಸ್ಪಷ್ಟವಾಗಿ ಬರುತ್ತದೆ ಎಂದು ಅವನ ಮಾದರಿ ಹೇಳಿತ್ತು.

ಪಾಳಿ ಮುಗಿಯುತ್ತಾ ಬಂದಿತ್ತು. ಅವನಿಗೂ ಸುರಂಗದ ಬಾಯಿಗೂ ನಡುವೆ ಜನ ತುಂಬಿದ್ದರು. ಒಂದು ಟ್ರಾಲಿ ದಾರಿಯಲ್ಲೇ ನಿಂತಿತ್ತು. ಇದ್ದಕ್ಕಿದ್ದಂತೆ ಮುಂದಿದ್ದವರು ಸರಸರನೆ ಹೊರಡುವುದು ಕಾಣಿಸಿತು. ಮನೆಗೆ ಹೋಗುವ ಅವಸರ ಎಂದುಕೊಂಡ. ಅವನ ಹೆಲ್ಮೆಟ್ ಸುಮ್ಮನಿತ್ತು. ಪಕ್ಕದವರ ಹೆಲ್ಮೆಟ್ಟೂ ಸುಮ್ಮನಿತ್ತು.

ಬಂಡೆ ಅದುರಿತ್ತು. ಕರೆ ಹೊರಟಿತ್ತು. ಮುಂದಿದ್ದವರಿಗೆ ಕೇಳಿಸಿತ್ತು. ಹಿಂದಿದ್ದವರಿಗೆ ಮುಂದಿದ್ದವರ ಮೈಯೇ ಗೋಡೆಯಾಗಿತ್ತು.

ಯಂಕೋಬ ಮುಂದಿದ್ದ. ಅವನಿಗೆ ಕೇಳಿಸಿತ್ತು, ಸುರಂಗದ ಬಾಯಿ ಹತ್ತಿರವೇ ಇತ್ತು. ಅವನು ಒಮ್ಮೆ ಒಳಗೆ ನೋಡಿದ. ಅಲ್ಲಿಯವರು ಅಲುಗದೆ ನಿಂತಿದ್ದರು. ಅವನು ತಿರುಗಿ ನಿಂತು ‘ಹೊರಗ!’ ಎಂದು ಕೂಗಿದ. ಅವನ ಹಿಂದಿದ್ದವನು ತಿರುಗಿ ತನ್ನ ಹಿಂದಿನವನಿಗೆ ಕೂಗಿದ. ಅವನು ಇನ್ನೊಬ್ಬನಿಗೆ. ಹೀಗೆ ಒಬ್ಬರ ಬಾಯಿಂದ ಒಬ್ಬರ ಕಿವಿಗೆ ದಾಟುತ್ತಾ ಆ ಮಾತು ಸುರಂಗದ ಕೊನೆಯಲ್ಲಿದ್ದ ಇಂದುಧರನಿಗೆ ಮುಟ್ಟಿತು. ಅವನು ಓಡಿದ. ಯಂಕೋಬ ದಾರಿಯಲ್ಲಿದ್ದ ಟ್ರಾಲಿಯನ್ನು ಗೋಡೆಗೆ ಒತ್ತಿ ಹಿಡಿದು, ಹಿಂದಿನಿಂದ ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಾಟಿಸಿದ. ಕೊನೆಗೆ ದಾಟಿದವನು ಇಂದುಧರ. ಅವನ ಬೆನ್ನ ಹಿಂದೆ ಬಂಡೆ ಇಳಿಯಿತು.

ಹೊರಗೆ ಎಲ್ಲರೂ ಇದ್ದರು. ಯಂಕೋಬ ಇರಲಿಲ್ಲ.

ಗಣಿಯ ಅಧಿಕಾರಿಗಳು ಇಂದುಧರನ ಕೈ ಹಿಡಿದು ಕುಲುಕಿದರು. ಕರೆ ಸಮಯಕ್ಕೆ ಹೊರಟಿತು, ಪಾಳಿಯವರೆಲ್ಲ ಬದುಕಿದರು, ಮೇಸ್ತ್ರಿ ಮಾತ್ರ ಹೊರಗೆ ಬಾರದೆ ನಿಯಮ ಮುರಿದು ಒಳಗೆ ನಿಂತ, ಅದಕ್ಕೇ ಸತ್ತ. ಹೀಗೆಂದು ಅವರು ತೀರ್ಮಾನಿಸಿದ್ದರು. ಉಳಿದ ಸುರಂಗಗಳಿಗೂ ಇದೇ ಮಾದರಿಯಿಂದ ಆಂಟೆನಾ ಹಾಕಿಸುವುದಾಗಿ ಹೇಳಿದರು. ಇಂದುಧರ ಹೌದು ಎಂದರೆ ಸಾಕಿತ್ತು. ಹಿಂದಿದ್ದವರು ಗಾಬರಿಯಲ್ಲಿ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ತನ್ನ ಹೆಲ್ಮೆಟ್ ಸುಮ್ಮನಿತ್ತು ಎಂದು ಖಚಿತವಾಗಿ ಬಲ್ಲವನು ಅವನೊಬ್ಬನೇ. ಬಾಯಿ ಬಿಟ್ಟರೆ ಅವನ ಹೆಸರು ಹೋಗುತ್ತಿತ್ತು. ಬಿಡದಿದ್ದರೆ ತಪ್ಪು ಸತ್ತವನ ತಲೆಗೆ ಬರುತ್ತಿತ್ತು, ಇನ್ನೆಷ್ಟೋ ಸುರಂಗಗಳಲ್ಲಿ ಜನ ಕರೆ ಕೇಳಿಸದೆ ನಿಲ್ಲುತ್ತಿದ್ದರು. ಅವನು ಅಂದು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಅವನಿಗೆ ಧೈರ್ಯ ಸಾಲಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದ.

ಅಲ್ಲಿಂದ ಯಂಕೋಬನ ಮನೆಗೆ ಹೋದ. ಹೆಂಡತಿ ಹುಲಿಗೆಮ್ಮ ಬಾಗಿಲಲ್ಲಿ ಕುಳಿತಿದ್ದಳು. ಗಂಡ ನಿಯಮ ಮುರಿದನಂತೆ ಎಂಬ ಮಾತು ಅವಳ ಕಿವಿಗೆ ಆಗಲೇ ಬಿದ್ದಿತ್ತು.

“ಅವರಿಗೆ ಕರೀ ಕೇಳಿಸಿರಲಿಲ್ಲೇನ್ರಿ?” ಎಂದು ಕೇಳಿದಳು.

“ಕೇಳಿಸಿತ್ತವ್ವಾ.”

“ಕೇಳಿಸಿದ್ರೂ ಯಾಕ ಹೊರಗ ಬರ್ಲಿಲ್ರೀ?”

ಇಂದುಧರ ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅವನ್ನೆಲ್ಲ ಬದಿಗಿಟ್ಟ.

“ನನಗ ಕೇಳಿಸಿರಲಿಲ್ಲವ್ವಾ” ಎಂದ.

ಹುಲಿಗೆಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. ಮನೆಗೆ ಬಂದವರಿಗೆ ಇಡುವಂತೆಯೇ ಇಟ್ಟಳು. ಇಂದುಧರ ಅಳುತ್ತಲೇ ಆ ನೀರು ಕುಡಿದ.

ಮರುದಿನ ಅಧಿಕಾರಿಗಳ ಮುಂದೆ ಅದೇ ಮಾತು ಹೇಳಿದ. ಮಾದರಿ ತಪ್ಪು, ಖಾಲಿ ಸುರಂಗವನ್ನು ಅಳೆದಿದ್ದೆ, ಮೇಸ್ತ್ರಿ ನಿಂತದ್ದರಿಂದಲೇ ನಾವೆಲ್ಲ ಬದುಕಿದೆವು ಎಂದ. ಅವರು ಮುಖ ಗಂಟಿಕ್ಕಿಕೊಂಡರು. ಕೈ ಕುಲುಕಿದವರೇ ಅವನಿಗೆ ಕುರ್ಚಿ ತೋರಿಸಲಿಲ್ಲ. ಆದರೂ ಯಂಕೋಬನ ಹೆಸರಿನ ಮೇಲಿನ ದೂರು ಹೋಯಿತು. ಅಳತೆ ಮತ್ತೆ ಆಗಬೇಕೆಂದು ತೀರ್ಮಾನವಾಯಿತು.

ಬಿದ್ದ ಬಂಡೆ ತೆಗೆಸಿ ಸುರಂಗ ತೆರೆದ ಮೇಲೆ, ಈ ಸಲ ಅವನು ಪಾಳಿಯವರನ್ನೆಲ್ಲ ಒಳಗೆ ಕರೆದ. ಮೊದಲು ಯಾರೂ ಏಳಲಿಲ್ಲ. ಅಂದು ಹೊರಗೆ ಕಳಿಸಿದವನು ಇಂದು ಒಳಗೆ ಕರೆಯುತ್ತಾನಲ್ಲ ಎಂದು ಒಬ್ಬ ಚುಚ್ಚಿ ಆಡಿದ. ಇಂದುಧರ ಅದನ್ನು ಕೇಳಿಸಿಕೊಂಡು ನಿಂತ. ಕೊನೆಗೆ ಒಬ್ಬೊಬ್ಬರಾಗಿ ಎದ್ದರು. ಕೆಲಸದ ದಿನದ ಹಾಗೆ ಬುತ್ತಿ, ಸಲಿಕೆ, ಟ್ರಾಲಿಗಳ ಸಮೇತ ಇಳಿದು ತಂತಮ್ಮ ಜಾಗದಲ್ಲಿ ನಿಂತರು. ಯಂಕೋಬ ನಿಲ್ಲುತ್ತಿದ್ದ ಜಾಗ ಮಾತ್ರ ಖಾಲಿ ಉಳಿಯಿತು. ಅಲ್ಲಿ ನಿಲ್ಲಲು ಯಾರಿಗೂ ಮನಸ್ಸು ಬರಲಿಲ್ಲ. ಇಂದುಧರ ಯಂತ್ರವನ್ನು ಜೊತೆಗಾರನ ಕೈಗೆ ಕೊಟ್ಟು ತಾನೇ ಹೋಗಿ ಅಲ್ಲಿ ನಿಂತ. ಅವನು ನಿಂತ ಕೂಡಲೇ ಗೆರೆ ಕುಸಿಯಿತು. ಅದನ್ನು ಹಾಗೆಯೇ ಇಟ್ಟುಕೊಳ್ಳಲು ಜೊತೆಗಾರನಿಗೆ ಹೇಳಿದ.

ಹೊಸ ಮಾದರಿ ಒರಟಾಗಿಯೇ ಬಂತು. ಎಲ್ಲೂ ನುಣ್ಣಗೆ ಕೂಡಲಿಲ್ಲ. ಒಬ್ಬನ ಮೈ ಒಂದು ಕಡೆಯಿಂದ ಮುಚ್ಚಿದರೆ ಇನ್ನೊಂದು ಕಡೆಯಿಂದ ಕರೆ ಬರುವಂತೆ ಆಂಟೆನಾಗಳನ್ನು ಎರಡೂ ಬದಿಗೆ ಹಾಕಬೇಕಾಯಿತು. ಅವನ ಕಸುಬಿನವರು ಆ ಮಾದರಿಯನ್ನು ನೋಡಿ ಮೂಗು ಮುರಿದರು. ಅದಾದ ಮೇಲೆ ಆ ಸುರಂಗದಲ್ಲಿ ಬಂಡೆ ಇನ್ನೊಮ್ಮೆ ಅದುರಿತು. ಒಳಗಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು, ಒಟ್ಟಿಗೆ ಹೊರಗೆ ಬಂದರು.

ಗುರುಗಳು ಇಷ್ಟು ಹೇಳಿ ಕತೆ ನಿಲ್ಲಿಸಿದರು. ಚನ್ನವೀರ ನೆಲ ನೋಡುತ್ತಾ ಕುಳಿತಿದ್ದ. ಕತೆ ಅವನ ಮನಸ್ಸಿಗೆ ನಾಟಿತ್ತು. ಆದರೂ ಗವಿಯ ಆಸೆ ಬಿಟ್ಟಿರಲಿಲ್ಲ. ಅವನು ಸುಳ್ಳು ಹೇಳುವ ಹುಡುಗನಲ್ಲ.

“ಆದ್ರೂ ಅಜ್ಜಾರ, ಗವಿಯೊಳಗ ನನಗ ಕರೀ ಕೇಳಿಸ್ತದ ಅಂತ ಅನ್ನಸ್ತದ್ರಿ” ಎಂದ.

“ಕೇಳಿಸ್ತದ, ಚನ್ನವೀರ,” ಎಂದರು ಗುರುಗಳು, “ಕೇಳಿಸಿದ ಮ್ಯಾಲೆ ಅಲ್ಲಿ ಯಾರ ಕಡೆ ಹೊಳ್ಳಿ ನಿಂತು ಕೂಗ್ತಿ?”